ಪಾದ್ರಿ, ವಿಜ್ಞಾನಿ, ಥ್ರಿಲ್ಲರ್: ನಾಲ್ಕು ಕಾದಂಬರಿಗಳನ್ನು ಒಟ್ಟಿಗಿಟ್ಟು ನೋಡಿದಾಗ

ವಿಜ್ಞಾನವನ್ನೂ ಕ್ರೈಸ್ತ ನಂಬಿಕೆಯನ್ನೂ ಬೆರೆಸಿ ರೋಚಕ ಕಾದಂಬರಿ ಬರೆಯುವವರು ಇಂಗ್ಲಿಷಿನಲ್ಲಿ ಬೇಕಾದಷ್ಟಿದ್ದಾರೆ. ಮೊದಲು ಯಾರನ್ನು ಓದಲಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹಾಗಾಗಿ ಬೇರೆ ಬೇರೆ ಜಾಡಿನ ನಾಲ್ಕನ್ನು ಒಂದರ ಬೆನ್ನಿಗೊಂದು ಓದಿದೆ: ಡ್ಯಾನ್ ಬ್ರೌನ್ ಅವರ 'ಏಂಜೆಲ್ಸ್ ಅಂಡ್ ಡೀಮನ್ಸ್', ಟೆಡ್ ಡೆಕ್ಕರ್ ಅವರ 'ಬ್ಲ್ಯಾಕ್', ಸಿ.ಎಸ್. ಲೂಯಿಸ್ ಅವರ 'ದಟ್ ಹಿಡಿಯಸ್ ಸ್ಟ್ರೆಂತ್', ಮೇರಿ ಡೋರಿಯಾ ರಸೆಲ್ ಅವರ 'ದಿ ಸ್ಪ್ಯಾರೋ'. ನಾಲ್ಕಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಈ ಕಥೆಯಲ್ಲಿ ನಂಬಿಕೆ ಸೋಲುವ ಸಾಧ್ಯತೆ ನಿಜವಾಗಿ ಇದೆಯೇ? ಗೆಲುವು ಮೊದಲೇ ನಿಗದಿಯಾಗಿದ್ದರೆ ಬಾಂಬು ಎಷ್ಟು ಟಿಕ್ ಟಿಕ್ ಎಂದರೂ ನನ್ನ ಎದೆ ಹೊಡೆದುಕೊಳ್ಳುವುದಿಲ್ಲ. ಕೊನೆಯ ತಿರುವುಗಳನ್ನು ಆದಷ್ಟು ಮುಚ್ಚಿಟ್ಟೇ ಬರೆದಿದ್ದೇನೆ.

ಓಟದಲ್ಲಿ ಬ್ರೌನ್‌ಗೆ ಸಾಟಿಯಿಲ್ಲ. 2000ದಲ್ಲಿ ಬಂದ ಈ ಕಾದಂಬರಿಯಲ್ಲಿ ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಭೌತವಿಜ್ಞಾನಿಯೊಬ್ಬನ ಕೊಲೆಯಾಗುತ್ತದೆ. ಅವನು ಪಾದ್ರಿಯೂ ಹೌದು. ಅವನು ತಯಾರಿಸಿದ್ದ ಕಾಲು ಗ್ರಾಂ ಪ್ರತಿದ್ರವ್ಯ (ಮಾಮೂಲಿ ದ್ರವ್ಯವನ್ನು ಮುಟ್ಟಿದೊಡನೆ ಅದರೊಂದಿಗೆ ನಾಶವಾಗಿ ಶಕ್ತಿಯಾಗುವ ವಸ್ತು) ವ್ಯಾಟಿಕನ್ನಿನ ಎಲ್ಲೋ ಒಂದು ಮೂಲೆ ಸೇರಿದೆ, ಅದನ್ನು ಹಿಡಿದಿಟ್ಟಿರುವ ಬ್ಯಾಟರಿಗೆ 24 ಗಂಟೆ ಆಯುಷ್ಯ. ಒಂದೊಂದು ಅಧ್ಯಾಯವೂ ಚುಟುಕು, ಪ್ರತಿಯೊಂದರ ಕೊನೆಗೂ ಒಂದು ಕೊಕ್ಕೆ. ಲೆಕ್ಕ ಹಾಕಿದರೆ ಅಪಾಯವೇನೂ ಸುಳ್ಳಲ್ಲ: ಕಾಲು ಗ್ರಾಂ ಪ್ರತಿದ್ರವ್ಯ ಅಷ್ಟೇ ದ್ರವ್ಯದೊಂದಿಗೆ ಸೇರಿ ನಾಶವಾದರೆ ಸುಮಾರು 10 ಕಿಲೋಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮನಾದ ಶಕ್ತಿ ಹೊಮ್ಮುತ್ತದೆ. ಸುಳ್ಳಿರುವುದು ಆ ಕಾಲು ಗ್ರಾಮಿನಲ್ಲಿ. ಸರ್ನ್ ತಾನೇ ಹೇಳುವಂತೆ, ಅಲ್ಲಿ ಈವರೆಗೆ ತಯಾರಾದ ಪ್ರತಿದ್ರವ್ಯವನ್ನೆಲ್ಲ ಕೂಡಿಸಿದರೂ ಒಂದು ಬಲ್ಬು ಕೆಲವು ನಿಮಿಷ ಉರಿದೀತು, ಅಷ್ಟೇ.

ಅದನ್ನು ಕ್ಷಮಿಸಬಹುದು, ಥ್ರಿಲ್ಲರಿಗೆ ಅಷ್ಟು ಸ್ವಾತಂತ್ರ್ಯ ಬೇಕು. ನನಗೆ ಒಗ್ಗದ್ದು ಬೇರೆ. ವಿಶ್ವದ ಆರಂಭವೆನ್ನಲಾಗುವ ಮಹಾಸ್ಫೋಟವನ್ನು ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ ಬೈಬಲಿನ ಸೃಷ್ಟಿಕಥೆಗೆ ಪುರಾವೆ ಒದಗಿಸಬೇಕೆಂಬುದು ಆ ಪಾದ್ರಿಯ ಆಸೆ. ನಿಜವಾದ ಪಾದ್ರಿ-ವಿಜ್ಞಾನಿ ಜಾರ್ಜ್ ಲೆಮೈತ್ರ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ವಾದಿಸಿದವರು ಅವರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಹೊಸ ಖಗೋಳವಿಜ್ಞಾನ ಸೃಷ್ಟಿಯ ನಂಬಿಕೆಗೆ ಸಾಕ್ಷಿ ನುಡಿಯುತ್ತಿದೆ ಎಂಬ ಧಾಟಿಯಲ್ಲಿ ಮಾತನಾಡಿದಾಗ ಲೆಮೈತ್ರ್ ಅವರಿಗೆ ಅದು ರುಚಿಸಲಿಲ್ಲ. ತಮ್ಮ ಸಿದ್ಧಾಂತವನ್ನು ಧರ್ಮದ ಗೊಡವೆಯಿಂದ ದೂರವೇ ಇಡಬೇಕೆಂಬುದು ಅವರ ನಿಲುವು. ಬ್ರೌನ್ ಕಟ್ಟಿದ ಪಾದ್ರಿಗಿಂತ ಈ ಮನುಷ್ಯನೇ ಹೆಚ್ಚು ಕುತೂಹಲಕಾರಿ ಪಾತ್ರವಾಗುತ್ತಿದ್ದ.

ಡೆಕ್ಕರ್ ಅವರದು ಅಪ್ಪಟ ಕ್ರೈಸ್ತ ಸಸ್ಪೆನ್ಸ್. 'ಬ್ಲ್ಯಾಕ್' ಮತ್ತು ಅದರ ಮುಂದಿನ ಎರಡು ಭಾಗಗಳು 2004ರಲ್ಲೇ ಹೊರಬಂದವು. ನಾಯಕ ತಲೆಗೆ ಪೆಟ್ಟು ತಿಂದು ಬೀಳುತ್ತಾನೆ. ಅಲ್ಲಿಂದ ಮುಂದೆ ಇಲ್ಲಿ ಮಲಗಿದರೆ ಇನ್ನೊಂದು ಲೋಕದಲ್ಲಿ ಎಚ್ಚರ, ಅಲ್ಲಿ ಮಲಗಿದರೆ ಇಲ್ಲಿ. ಈ ಲೋಕದಲ್ಲಿ ಒಂದು ಲಸಿಕೆ ತೀವ್ರ ಶಾಖಕ್ಕೆ ಸಿಕ್ಕಿ ಮಾರಕ ವೈರಸ್ಸಾಗುವುದರಲ್ಲಿದೆ. ಆ ಲೋಕದಲ್ಲಿ ಬಣ್ಣದ ಕಾಡು, ಕಪ್ಪು ಬಾವಲಿಗಳು, ಆದಿಪಾಪದ ಕಥೆಯ ಇನ್ನೊಂದು ರೂಪ. ಯೋಜನೆ ಜಾಣತನದ್ದು, ಪುಟಗಳೂ ಸರಸರ ಸಾಗುತ್ತವೆ. ಆದರೆ ವಿಜ್ಞಾನ ಬರೀ ನೆಪ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದೇ ಶಾಖಕ್ಕೆ ಅವು ಸತ್ವ ಕಳೆದುಕೊಳ್ಳುತ್ತವೆ ಎಂಬ ಕಾರಣಕ್ಕೆ. ಇಲ್ಲಿ ಶಾಖದಿಂದ ಅದಕ್ಕೆ ರಾಕ್ಷಸಬಲ ಬರುತ್ತದೆ. ಇನ್ನು ನಂಬಿಕೆಯ ವಿಚಾರದಲ್ಲಿ, ದೇವರು ಯಾವ ಪಕ್ಷ ಎಂಬುದರಲ್ಲಿ ಲೇಖಕರಿಗೆ ಎಳ್ಳಷ್ಟೂ ಅನುಮಾನವಿಲ್ಲ, ನಮಗೂ ಉಳಿಯುವುದಿಲ್ಲ. ಎರಡನೆಯ ಭಾಗವನ್ನು ಕೈಗೆತ್ತಿಕೊಳ್ಳುವ ಮನಸ್ಸಾಗಲಿಲ್ಲ.

ಲೂಯಿಸ್ ಅವರ 1945ರ ಕಾದಂಬರಿ ಶುರುವಾಗುವುದೇ ಆಮೆ ನಡಿಗೆಯಲ್ಲಿ. ಕಾಲೇಜಿನ ಸಭೆಯೊಂದು ಕಾಡಿನ ತುಂಡೊಂದನ್ನು ಮಾರಬೇಕೋ ಬೇಡವೋ ಎಂದು ಚರ್ಚಿಸುತ್ತಲೇ ಇರುತ್ತದೆ. ತಾಳಿಕೊಳ್ಳಿ. ಅದನ್ನು ಕೊಳ್ಳುವ ಸಂಸ್ಥೆ ವಿಜ್ಞಾನದ ಹೆಸರಿನಲ್ಲಿ ಊರನ್ನೇ ನುಂಗುತ್ತದೆ, ಶಿರಚ್ಛೇದವಾದ ಅಪರಾಧಿಯ ತಲೆಯನ್ನು ಕೊಳವೆಗಳಿಗೆ ಜೋಡಿಸಿ ಜೀವಂತ ಇಟ್ಟುಕೊಂಡಿರುತ್ತದೆ. ಆದರೂ ನನ್ನನ್ನು ಬೆಚ್ಚಿಬೀಳಿಸಿದ್ದು ತಲೆಯಲ್ಲ, ಒಂದು ಕೋಣೆ. ಎಲ್ಲ ಅಳತೆಯೂ ಒಂಚೂರು ಸೊಟ್ಟಗಿರುವ ಆ ಕೋಣೆಯಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್‌ನಿಗೆ ನೆಲದ ಮೇಲಿನ ಶಿಲುಬೆಯನ್ನು ತುಳಿಯಲು ಹೇಳುತ್ತಾರೆ. ಅವನು ನಂಬಿಕಸ್ಥನಲ್ಲ, ತುಳಿದರೆ ಅವನ ಗಂಟೇನೂ ಹೋಗುವುದಿಲ್ಲ. ಆದರೂ ಕಾಲು ಏಳುವುದಿಲ್ಲ. ಶಿಲುಬೆಯ ಮೇಲಿರುವವನು ಸೋತವನೇ ಆಗಿದ್ದರೂ ಅವನ ಪಕ್ಷವೇ ಸರಿ ಇರಬಹುದಲ್ಲ ಎಂದು ಅವನಿಗೆ ಹೊಳೆಯುತ್ತದೆ. ಬಂದೂಕಿಲ್ಲ, ಓಟವಿಲ್ಲ, ಆದರೆ ಉಸಿರು ಬಿಗಿಹಿಡಿದು ಓದಿದೆ.

ಆದರೆ ಆರ್ಥರ್ ರಾಜನ ದಂತಕಥೆಗಳ ಮಾಂತ್ರಿಕ ಮರ್ಲಿನ್ ಎದ್ದು ಬಂದ ಮೇಲೆ ಆ ಬಿಗಿ ಸಡಿಲವಾಗುತ್ತದೆ. ವಿಜ್ಞಾನಿಗಳ ಚಿತ್ರಣವೂ ಏಕಪಕ್ಷೀಯವೇ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1946ರಲ್ಲಿ ಇದನ್ನೇ ಎತ್ತಿ ಲೂಯಿಸ್ ಅವರನ್ನು ತರಾಟೆಗೆ ತೆಗೆದುಕೊಂಡಿದ್ದರು. ಈ ಜಗಳದಲ್ಲಿ ನಾನು ಮುಕ್ಕಾಲು ಪಾಲು ಹಾಲ್ಡೇನ್ ಕಡೆ.

'ದಿ ಸ್ಪ್ಯಾರೋ' 1996ರದು. ರಸೆಲ್ ಮೊದಲು ಮಾನವಶಾಸ್ತ್ರಜ್ಞೆಯಾಗಿದ್ದವರು. ಕ್ಯಾಥೊಲಿಕ್ ಮನೆಯಲ್ಲಿ ಬೆಳೆದು, ನಾಸ್ತಿಕರಾಗಿ, ಆಮೇಲೆ ಯಹೂದಿ ಧರ್ಮಕ್ಕೆ ಬಂದವರು. ಕಥೆಯಲ್ಲಿ 2019ರಲ್ಲಿ ಪೋರ್ಟೊ ರಿಕೊದ ಅರೆಸಿಬೋ ರೇಡಿಯೋ ದೂರದರ್ಶಕಕ್ಕೆ ನಮ್ಮ ನೆರೆಯ ನಕ್ಷತ್ರವ್ಯೂಹ ಆಲ್ಫಾ ಸೆಂಟಾರಿ ಕಡೆಯಿಂದ ಹಾಡೊಂದು ಕೇಳಿಸುತ್ತದೆ. (ನಿಜವಾದ ಅರೆಸಿಬೋ 2020ರ ಡಿಸೆಂಬರ್‌ನಲ್ಲಿ ಕುಸಿದುಬಿತ್ತು, ಒಂದೇ ವರ್ಷದ ಅಂತರದಲ್ಲಿ ಕಾದಂಬರಿಗೆ ಗಂಡಾಂತರ ತಪ್ಪಿತು.) ವಿಶ್ವಸಂಸ್ಥೆ ಇನ್ನೂ ಮೀನಮೇಷ ಎಣಿಸುತ್ತಿರುವಾಗಲೇ ಕ್ಯಾಥೊಲಿಕ್ ಪಾದ್ರಿಗಳ ಸಂಘವಾದ ಜೆಸ್ಯುಯಿಟರು ಸದ್ದಿಲ್ಲದೆ ತಂಡ ಕಟ್ಟಿ ಹೊರಟೇಬಿಡುತ್ತಾರೆ.

ಮೊದಲ ಪುಟಗಳಲ್ಲೇ ರಸೆಲ್ ಇಸ್ಪೀಟಿನ ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡುತ್ತಾರೆ. ಹೋದವರಲ್ಲಿ ಮರಳಿ ಬಂದವನು ಭಾಷಾತಜ್ಞ ಪಾದ್ರಿ ಎಮಿಲಿಯೊ ಸಾಂಡೋಜ್ ಒಬ್ಬನೇ. ಅವನ ಕೈಗಳು ನುಚ್ಚುನೂರು, ಮಾತು ನಿಂತಿದೆ, ಅವನ ಮೇಲೆ ಹೇಸಿಗೆ ಹುಟ್ಟಿಸುವ ಆರೋಪಗಳಿವೆ. ಯಾರು ಸಾಯುತ್ತಾರೆಂಬುದು ಗೊತ್ತಾದ ಮೇಲೂ ಪುಸ್ತಕ ಕೆಳಗಿಡಲಾಗುವುದಿಲ್ಲ, ಏಕೆಂದರೆ ಉಳಿದಿರುವ ಪ್ರಶ್ನೆ ಅದಕ್ಕಿಂತ ಭಾರದ್ದು: ದೇವರೇ ಕೈಹಿಡಿದು ನಡೆಸುತ್ತಿದ್ದಾನೆಂದು ಹೆಜ್ಜೆಹೆಜ್ಜೆಗೂ ನಂಬಿ ನಡೆದವನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು ಯಾರು? ಇಲ್ಲಿ ವಿಜ್ಞಾನ ಬರೀ ಅಲಂಕಾರವಲ್ಲ. ಆ ಗ್ರಹದಲ್ಲಿ ಎರಡು ಬುದ್ಧಿವಂತ ಜಾತಿಗಳಿವೆ, ಅವುಗಳ ಸಂಬಂಧ ಆಹಾರ ಮತ್ತು ಸಂತಾನದ ಲೆಕ್ಕದ ಮೇಲೆ ನಿಂತಿದೆ. ಭೂಮಿಯಿಂದ ಹೋದವರು ಒಳ್ಳೆಯ ಮನಸ್ಸಿನಿಂದಲೇ ಒಂದು ಕೈತೋಟ ಮಾಡುತ್ತಾರೆ. ಆ ತೋಟವೇ ಮುಂದೆ ಕೊರಳಿಗೆ ಉರುಳಾಗುತ್ತದೆ. ನಿಮ್ಮ ತಂದೆಯಾದ ದೇವರ ಅರಿವಿಗೆ ಬಾರದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳದು ಎಂಬ ಬೈಬಲಿನ ಮತ್ತಾಯನ ವಾಕ್ಯವನ್ನು ಒಬ್ಬ ಪಾದ್ರಿ ನೆನಪಿಸಿದಾಗ, ಆದರೂ ಗುಬ್ಬಿ ಬೀಳುತ್ತದಲ್ಲ ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಪಾದ್ರಿಗಳೇ. ಬ್ರೌನ್ ಬರೆದಿದ್ದರೆ ಎರಡನೆಯ ಮಾತನ್ನು ವಿಜ್ಞಾನಿಯ ಬಾಯಲ್ಲಿ ಹಾಕುತ್ತಿದ್ದರು.

ಹೀಗಾಗಿ ಒಂದನ್ನೇ ಓದುವವರಿಗೆ ನನ್ನ ಉತ್ತರ ರಸೆಲ್. ಎರಡನೆಯ ಸ್ಥಾನ ಲೂಯಿಸ್‌ಗೆ, ಆ ಕೋಣೆಯೊಂದಕ್ಕಾಗಿ. ರೈಲಿನಲ್ಲಿ ಹೊತ್ತು ಕಳೆಯಲು ಬ್ರೌನ್ ಸಾಕು. ಒಂದು ಎಚ್ಚರಿಕೆ: 'ದಿ ಸ್ಪ್ಯಾರೋ' ಕೊನೆಯ ಭಾಗದಲ್ಲಿ ಲೈಂಗಿಕ ಹಿಂಸೆಯ ವಿವರಗಳಿವೆ, ರಸೆಲ್ ಅದನ್ನು ಮೃದುಗೊಳಿಸಿಲ್ಲ. ಹದಿಹರೆಯದವರ ಕೈಗೆ ಪುಸ್ತಕ ಕೊಡುವುದಿದ್ದರೆ ಡೆಕ್ಕರ್ ಅವರದನ್ನೇ ಕೊಡಿ. ಬಾವಲಿಗಳು ಅವರಿಗೆ ಹಿಡಿಸಲೂಬಹುದು.