ಸುಟ್ಟ ವಾಸನೆ ಜೀಪಿನದಲ್ಲ: ಅಗ್ಗದ ಕಾರ್ಬನ್ ವೀಲ್ ಕೊಳ್ಳುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ರೋಡ್ ಬೈಕಿಗೆ ರಿಮ್ ಬ್ರೇಕ್ (ಚಕ್ರದ ಹೊರಬಳೆಯಾದ ರಿಮ್ಮನ್ನೇ ಎರಡು ಕಡೆಯಿಂದ ಒತ್ತಿ ಹಿಡಿಯುವ ಬ್ರೇಕು) ಇದ್ದು, ನೀವು ಪುಣೆಯ ಸುತ್ತಮುತ್ತ ಸೈಕಲ್ ಹೊಡೆಯುವವರಾದರೆ, ಅಗ್ಗದ ಕಾರ್ಬನ್ ವೀಲ್ ಕಡೆ ತಿರುಗಿಯೂ ನೋಡಬೇಡಿ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಡಿಸ್ಕ್ ಬ್ರೇಕ್ ಇರುವವರು ಸ್ವಲ್ಪ ಕೂತು ಓದಿ, ನಿಮಗೂ ಇದರಲ್ಲಿ ಪಾಲಿದೆ.

ನಾನು ಧಾರವಾಡದವನು. ಪುಣೆಗೆ ಬಂದು 11 ವರ್ಷ. ಮನೆ ಕೋಥರೂಡ್‌ನಲ್ಲಿ. ಭಾನುವಾರ ಬೆಳಿಗ್ಗೆ ಐದೂವರೆಗೆ ನಾವು ಐದಾರು ಜನ ಕನ್ನಡದವರು ಸೇರಿ ಖಡಕವಾಸ್ಲಾ ದಾರಿ ಹಿಡಿಯುತ್ತೇವೆ. ಮನಸ್ಸಾದರೆ ಸಿಂಹಗಡದ ಕೋಟೆ ಬೆಟ್ಟ ಹತ್ತುತ್ತೇವೆ. ಗುಂಪಿನಲ್ಲಿ ಒಬ್ಬ ಕುಂದಾಪುರದವನು, ಒಬ್ಬ ಜಮಖಂಡಿಯವನು. ಬಾಗಲಕೋಟೆ, ವಿಜಯಪುರದ ಕಡೆ ಸೈಕಲ್ ರೇಸ್ ಅಂದರೆ ಹಳೆಯ ಹುಚ್ಚು, ಗೊತ್ತಲ್ಲ. ಜಮಖಂಡಿಯವನು ಆ ಹುಚ್ಚಿನಲ್ಲೇ ಬೆಳೆದವನು. ನಾನು ಕಾರ್ಬನ್ ವೀಲ್ ತಗೋತೀನಿ ಅಂದಾಗ ಅವನು ಕೇಳಿದ್ದು ಒಂದೇ ಮಾತು: "ಮುರಿದರೆ ಯಾರ ಮನೆ ಬಾಗಿಲು ಬಡಿಯುತ್ತೀ?" ಹೊಟ್ಟೆಕಿಚ್ಚು ಅಂದುಕೊಂಡೆ.

ವೀಲ್ ಮಾರಿದವರ ಹೆಸರು ಬರೆಯುವುದಿಲ್ಲ. ಅದು ಒಂದು ವಾಟ್ಸ್‌ಆ್ಯಪ್ ನಂಬರ್, ಅಷ್ಟೇ. 2020ರ ನವೆಂಬರ್‌ನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ನಮ್ಮಲ್ಲಿ ಬಂದ್ ಆದಮೇಲೆ, ಚೀನಾದ ಸೈಕಲ್ ಸಾಮಾನು ತರಿಸಿಕೊಡುವ ಮಧ್ಯವರ್ತಿಗಳಿಗೆ ಬೇಡಿಕೆ ಬಂತು. ನನ್ನವನು ಅಂಥವರಲ್ಲಿ ಒಬ್ಬ. 50 ಮಿಮೀ ಆಳದ ರಿಮ್, ಜೋಡಿ ತೂಕ 1450 ಗ್ರಾಂ, ಎರಡು ವರ್ಷ ವಾರಂಟಿ, ಬೆಲೆ 32 ಸಾವಿರ. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ ಜಾಸ್ತಿ ಆಗುತ್ತೆ ಸರ್" ಅಂದ. ಸರಿ ಬೇಡ ಅಂದೆ. ವಾರಂಟಿ ಅನ್ನುವುದು ಆ ಕ್ಷಣಕ್ಕೇ ಸತ್ತಿತ್ತು. ನನಗೆ ಗೊತ್ತಾಗಲಿಲ್ಲ, ಅಷ್ಟೇ.

ಪೆಟ್ಟಿಗೆ ಬಂದದ್ದು ದಸರೆಗೆ ಎರಡು ದಿನ ಮೊದಲು. ಅಡುಗೆ ಮನೆಯ ತಕ್ಕಡಿ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. ಎರಡೂ ಸೇರಿ 1670. ಹೇಳಿದ್ದಕ್ಕಿಂತ 220 ಗ್ರಾಂ ಜಾಸ್ತಿ! ನನ್ನ ಹಳೆಯ ಅಲಾಯ್ (ಅಲ್ಯುಮಿನಿಯಂ) ವೀಲ್ ಜೋಡಿ 1850 ಇತ್ತು. ಅಂದರೆ 32 ಸಾವಿರ ಕೊಟ್ಟು ನಾನು ಇಳಿಸಿದ್ದು 180 ಗ್ರಾಂ. ಒಂದು ಲೋಟ ಚಹಾದಷ್ಟು. ಅವತ್ತೇ ವಾಪಸ್ ಕಳಿಸಬೇಕಿತ್ತು. ಆದರೆ ಮ್ಯಾಟ್ ಕಪ್ಪು ಬಣ್ಣ, ಸ್ಪೋಕಿನ ತುದಿಗೆ ಕೆಂಪು ನಿಪ್ಪಲ್, ತಿರುಗಿಸಿದರೆ ಚಕ್ರದ ನಡುವಿನ ಹಬ್‌ನಿಂದ ಜೇನು ಗುಂಯ್‌ಗುಟ್ಟಿದ ಹಾಗೆ ಸದ್ದು. ಸೋತುಬಿಟ್ಟೆ. ಆಯುಧಪೂಜೆಗೆ ಸೈಕಲ್ಲಿಗೆ ಕುಂಕುಮ, ಚೆಂಡು ಹೂವಿನ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು. ಪೂಜೆಯಲ್ಲಂತೂ ಏನೂ ಕಮ್ಮಿ ಮಾಡಿರಲಿಲ್ಲ.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಬಯಲು ರಸ್ತೆಯಲ್ಲಿ ಸದ್ದು ಜೋರು, ಫೋಟೋದಲ್ಲಿ ಚೆಂದ. ವೇಗ? ನನ್ನ ಸರಾಸರಿ 26 ಕಿಮೀ. ಆ ವೇಗದಲ್ಲಿ ಆಳದ ರಿಮ್ ಗಾಳಿ ಸೀಳಿ ಕೊಡುವ ಲಾಭ ಏನಿದ್ದರೂ ನನ್ನ ಕಾಲಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಖಡಕವಾಸ್ಲಾ ಅಣೆಕಟ್ಟೆಯ ಹತ್ತಿರದ ಅಡ್ಡಗಾಳಿ. ಮುಂದಿನ ಚಕ್ರವನ್ನು ಯಾರೋ ಕೈ ಹಾಕಿ ಎಳೆದ ಹಾಗೆ ಆಗುತ್ತಿತ್ತು.

ಡಿಸೆಂಬರ್‌ನ ಒಂದು ಭಾನುವಾರ. ಸಿಂಹಗಡ ಹತ್ತಿ, ಪಿಠಲ ಭಾಕರಿ ತಿಂದು, ಮಣ್ಣಿನ ಕುಡಿಕೆಯ ಮೊಸರು ಮುಗಿಸಿ ಇಳಿಯಲು ಹೊರಟಾಗ ಗಂಟೆ ಒಂಬತ್ತು ದಾಟಿತ್ತು. ತಪ್ಪು ಅಲ್ಲೇ ಶುರು. ಆ ಹೊತ್ತಿಗೆ ಕೆಳಗಿನಿಂದ ಕಾರು, ಬೈಕುಗಳ ಸಾಲು ಹತ್ತುತ್ತಿರುತ್ತದೆ. ನನ್ನ ಮುಂದೆ ಜನ ತುಂಬಿದ ಒಂದು ಜೀಪು. ದಾಟಲು ಜಾಗ ಇಲ್ಲ. ಬ್ರೇಕ್ ಒತ್ತಿ ಹಿಡಿದುಕೊಂಡೇ ಅದರ ಹಿಂದೆ ತೆವಳಿದೆ. ಮೂರ್ನಾಲ್ಕು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಜೀಪಿನ ಬ್ರೇಕು ಪಾಪ, ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿಂದಿನ ಬ್ರೇಕಿನ ಲಿವರ್ ಬೆರಳಿಗೆ ದಕ್, ದಕ್, ದಕ್ ಅಂತ ಬಡಿಯತೊಡಗಿತು. ಚಕ್ರ ಸುತ್ತಿದಾಗೊಮ್ಮೆ ಒಂದು ಬಡಿತ. ಟಾರು ಕಿತ್ತ ರಸ್ತೆ ಅಂದುಕೊಂಡೆ. ಎರಡು ಸಲ ನನಗೆ ನಾನೇ ಸುಳ್ಳು ಹೇಳಿಕೊಂಡೆ, ನೋಡಿ.

ಮುಂದಿನ ಎಡ ತಿರುವಿಗೆ ಪಟಾಕಿ ಹೊಡೆದ ಹಾಗೆ ಸದ್ದು. ಹಿಂದಿನ ಟ್ಯೂಬು ಸಿಡಿದಿತ್ತು. ಸೈಕಲ್ಲು ಬಾಲ ಬೀಸಿತು. ನಾನು ಚರಂಡಿ ಕಡೆ ಜಾರಿ ಕಲ್ಲಿನ ಮೇಲೆ ಸೊಂಟ ಊರಿದೆ. ವೇಗ ಕಮ್ಮಿ ಇತ್ತು, ಹಾಗಾಗಿ ಮೊಣಕೈ ಚರ್ಮ, ಒಂದು ಜೆರ್ಸಿ, ಎಡ ಮಣಿಕಟ್ಟಿಗೆ ಮೂರು ವಾರದ ಪಟ್ಟಿ, ಇಷ್ಟಕ್ಕೆ ಮುಗಿಯಿತು. ಎದ್ದು ಚಕ್ರ ನೋಡಿದರೆ, ಬ್ರೇಕ್ ಒತ್ತುವ ಜಾಗದಲ್ಲಿ ಅಂಗೈ ಉದ್ದಕ್ಕೆ ರಿಮ್‌ನ ಅಂಚು ಹೊರಕ್ಕೆ ಉಬ್ಬಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತದಲ್ಲ, ಹಾಗೆ. ಮುಟ್ಟಿದೆ. ಬೆರಳು ಚುರ್ ಅಂದಿತು.

ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಕೂತಾಗ ಲೆಕ್ಕ ಹಾಕಿದೆ. ನಾನು, ಸೈಕಲ್ಲು, ನೀರು ಎಲ್ಲ ಸೇರಿ 85 ಕೆಜಿ. ಇಳಿಯುವ ಎತ್ತರ 600 ಮೀಟರ್ ಆಸುಪಾಸು. ಇಷ್ಟು ಭಾರ ಅಷ್ಟು ಎತ್ತರದಿಂದ ಇಳಿದರೆ ಹೊರಬರುವ ಶಕ್ತಿ ಸುಮಾರು 500 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಜೋರಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಗಾಳಿ ತಿನ್ನುತ್ತದೆ. ಜೀಪಿನ ಹಿಂದೆ ತೆವಳಿದರೆ ಬಹುಪಾಲು ಬ್ರೇಕಿಗೇ ಬರುತ್ತದೆ. ರಿಮ್ ಬ್ರೇಕ್ ಅಂದರೆ ರಿಮ್ಮೇ ಬ್ರೇಕು. ಆ ಬಿಸಿಯೆಲ್ಲ ಅಲ್ಲಿಗೇ.

ಅಲ್ಯುಮಿನಿಯಂ ಬಿಸಿಯನ್ನು ತಕ್ಷಣ ಸುತ್ತ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ ಹಾಗಲ್ಲ. ಅದು ಎಳೆಗಳನ್ನು ರೆಸಿನ್ ಅನ್ನುವ ಅಂಟಿನಲ್ಲಿ ಕೂರಿಸಿ ಮಾಡಿದ ವಸ್ತು. ದಪ್ಪದ ಉದ್ದಕ್ಕೆ ಬಿಸಿ ಹರಿಯುವುದೇ ಇಲ್ಲ ಅನ್ನುವಷ್ಟು ನಿಧಾನ. ಮೇಲ್ಮೈ ಕಾದೇ ಕಾಯುತ್ತದೆ. ಪ್ರತಿ ರೆಸಿನ್ನಿಗೂ ಮೆತ್ತಗಾಗುವ ಒಂದು ಉಷ್ಣಾಂಶ ಇದೆ, ಟಿಜಿ ಅನ್ನುತ್ತಾರೆ. ಸಾಧಾರಣ ಎಪಾಕ್ಸಿಗೆ ಅದು 120 ಡಿಗ್ರಿ ಹತ್ತಿರವೇ ಇರಬಹುದು. ಒಳ್ಳೆಯ ರಿಮ್ ಬ್ರೇಕ್ ವೀಲ್‌ಗೆ 200 ದಾಟಿಯೂ ತಡೆಯುವ ದುಬಾರಿ ರೆಸಿನ್ ಹಾಕುತ್ತಾರೆ. ಇತ್ತ ಟ್ಯೂಬಿನ ಒಳಗಿನ ಗಾಳಿಯೂ ಕಾಯುತ್ತದೆ. 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಗಾಳಿ 50 ಡಿಗ್ರಿ ಏರಿದರೆ 119 ಆಗುತ್ತದೆ. ಮೆತ್ತಗಾದ ಅಂಚು, ಒಳಗಿಂದ ಹೆಚ್ಚಿದ ಒತ್ತಡ. ಉಬ್ಬದೆ ಏನು ಮಾಡೀತು?

ಮಾರಿದವನಿಗೆ ಫೋಟೋ ಕಳಿಸಿದೆ. ಎರಡು ದಿನ ನೀಲಿ ಗೆರೆ, ಉತ್ತರ ಇಲ್ಲ. ಮೂರನೇ ದಿನ ಫೋನು. "ಯೇ ಘಾಟ್ ಕೇ ಲಿಯೇ ನಹೀಂ ಹೈ, ಸರ್." ಘಾಟಿಗಲ್ಲವಂತೆ! ಪುಣೆಯಲ್ಲಿ ಕೂತು ಈ ಮಾತು. ಈ ಊರಿಂದ ಯಾವ ಕಡೆ ಹೊರಟರೂ ಘಾಟು. ಕಾತ್ರಜ್, ಬೋಪದೇವ್, ದಿವೆ, ಖಂಬಾಟ್ಕಿ, ತಾಮ್ಹಿಣಿ. ಆಮೇಲೆ, ನೀವು ಬ್ರೇಕ್ ಜಾಸ್ತಿ ಹಿಡಿದಿದ್ದೀರಿ, ಇದು ನಿಮ್ಮ ಬಳಕೆಯ ತಪ್ಪು ಅಂದ. ಅರ್ಧ ನಿಜ. ಬ್ರೇಕನ್ನು ಎಳೆದುಕೊಂಡೇ ಇಳಿಯಬಾರದು, ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಬೇಕು. ಅದನ್ನು ಈಗ ಕಲಿತಿದ್ದೇನೆ. ಆದರೆ ಜೀಪಿನ ಹಿಂದೆ ಸಿಕ್ಕಿದ್ದಕ್ಕೆ ಕರಗುವ ಚಕ್ರ ನನಗೆ ಬೇಡ.

ಹಾಗಂತ ಕಾರ್ಬನ್ ಎಲ್ಲ ಕೆಟ್ಟದು, ಚೀನಾದ್ದೆಲ್ಲ ಕಳಪೆ ಅಂತ ನಾನು ಹೇಳುತ್ತಿಲ್ಲ. ಆ ಮಾತು ಸುಮ್ನೆ ಬಾಯಿಚಪಲ. ವಿನ್‌ಸ್ಪೇಸ್, ಲೈಟ್ ಬೈಸಿಕಲ್, ಎಲೀಟ್‌ವೀಲ್ಸ್‌ನಂಥ ಚೀನಾದ ಕಂಪನಿಗಳು ತಮ್ಮ ಹೆಸರಲ್ಲೇ ಮಾರುತ್ತವೆ, ವಾರಂಟಿ ಷರತ್ತು ಬರೆದು ಕೊಡುತ್ತವೆ. ನನ್ನ ವೀಲ್‌ಗೆ ಹೆಸರೇ ಇರಲಿಲ್ಲ. ಮುರಿದರೆ ಬಡಿಯಲು ಬಾಗಿಲೇ ಇರಲಿಲ್ಲ. ಜಮಖಂಡಿಯವನು ಕೇಳಿದ್ದು ಅದನ್ನೇ. ಇನ್ನು, ದೊಡ್ಡ ಬ್ರ್ಯಾಂಡಿನ ಸ್ಟಿಕ್ಕರ್ ಇದ್ದು ಬೆಲೆ ಕಾಲು ಭಾಗ ಇದ್ದರೆ, ನೀವು ಕೊಳ್ಳುತ್ತಿರುವುದು ಸ್ಟಿಕ್ಕರನ್ನು.

ಡಿಸ್ಕ್ ಬ್ರೇಕಿನವರಿಗೆ ಈ ಬಿಸಿಯ ಕಾಟ ಇಲ್ಲ, ಬಿಸಿ ಹಬ್ ಪಕ್ಕದ ಲೋಹದ ತಟ್ಟೆಗೆ, ಅಂದರೆ ರೋಟರಿಗೆ, ಹೋಗುತ್ತದೆ. ನಿಮ್ಮ ಹಳ್ಳ ಬೇರೆ ಕಡೆ ಇದೆ. ಈಗ ಬರುವ ಎಷ್ಟೋ ಕಾರ್ಬನ್ ರಿಮ್‌ಗಳು ಹುಕ್‌ಲೆಸ್. ಟೈರಿನ ಅಂಚನ್ನು ಹಿಡಿಯಲು ರಿಮ್‌ನಲ್ಲಿ ಒಳಕ್ಕೆ ಬಾಗಿದ ಕೊಕ್ಕೆ ಇರುವುದಿಲ್ಲ. ಅಂಥ ರಿಮ್‌ಗೆ ಗಾಳಿಯ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಹುಕ್‌ಲೆಸ್‌ಗೆ ಆಗುತ್ತದೆ ಅಂತ ಕಂಪನಿ ಹೇಳಿದ ಟೈರೇ ಬೇಕು. ನಮ್ಮ ಕಡೆ ರೋಡ್ ಬೈಕ್ ಅಂದರೆ ಕಣ್ಣು ಮುಚ್ಚಿ 100 ತುಂಬುವ ಅಭ್ಯಾಸ. ಅಂಗಡಿ ಹುಡುಗನಂತೂ ಪ್ರೀತಿಯಿಂದ 110 ಹೊಡೆದು ಕೊಡುತ್ತಾನೆ. 2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಸವಾರ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಹುಕ್‌ಲೆಸ್ ರಿಮ್ ಬಿಟ್ಟು ಹೊರಬಂದಿತ್ತು. ರಿಮ್‌ಗೆ ಕಲ್ಲು ಬಡಿದದ್ದೇ ಮೂಲ ಅಂತ ಕಂಪನಿಗಳು ಹೇಳಿದವು. ಇರಬಹುದು. ನಮ್ಮ ರಸ್ತೆಯಲ್ಲಿ ಕಲ್ಲಿಗೇನು ಬರವೇ? ನನ್ನ ಕೇಳಿದರೆ ಕೊಕ್ಕೆ ಇರುವ ರಿಮ್ ಕೇಳಿ ತಗೊಳ್ಳಿ.

ಇನ್ನೊಂದು, ಹಬ್. ರಿಮ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಹಬ್ ಯಾವುದು ಅಂತ ಕೇಳುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಪುಣೆಯ ಕೆಸರು ಬೇರಿಂಗ್ ತಿಂದಿರುತ್ತದೆ. ಡಿಟಿ ಸ್ವಿಸ್ 350 ಅಥವಾ ನೊವಾಟೆಕ್‌ನಂಥ ಹೆಸರಿರುವ ಹಬ್ ಆದರೆ ಬಿಡಿಭಾಗ ಹುಡುಕಬಹುದು. ಹೆಸರಿಲ್ಲದ್ದಾದರೆ ಒಂದು ಸ್ಪ್ರಿಂಗ್ ಹೋದರೂ ಇಡೀ ವೀಲ್ ಮೂಲೆಗೆ. ಸವಾರ ಮತ್ತು ಸೈಕಲ್ ಸೇರಿ ಎಷ್ಟು ತೂಕ ತಡೆಯುತ್ತದೆ ಅಂತ ಬರೆಸಿಕೊಳ್ಳಿ. ಅದೇ ಉದ್ದದ ನಾಲ್ಕು ಸ್ಪೋಕು, ನಿಪ್ಪಲ್ ಜೊತೆಗೆ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಂಗಡಿ ಬಿಟ್ಟು ಎದ್ದು ಬನ್ನಿ.

ನಮ್ಮ ಅಜ್ಜಿ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಗೆಣ್ಣಿನಿಂದ ಬಾರಿಸಿ ಕೇಳುತ್ತಿದ್ದಳು. ಠಣ್ ಅಂದರೆ ಸರಿ, ಢಬ್ ಅಂದರೆ ಬಿರುಕು. ಹತ್ತು ರೂಪಾಯಿಯ ಗಡಿಗೆಗೆ ಅಷ್ಟು ತಪಾಸಣೆ! 32 ಸಾವಿರದ ಚಕ್ರ ನಾನು ಬಾರಿಸಿ ನೋಡಲಿಲ್ಲ. ಕಾರ್ಬನ್ ರಿಮ್‌ಗೂ ಇದೇ ವಿದ್ಯೆ ನಡೆಯುತ್ತದೆ. ಒಂದು ನಾಣ್ಯ ತಗೊಂಡು ಅಂಚಿನ ಸುತ್ತ ಬೆರಳು ಬೆರಳು ಅಂತರಕ್ಕೆ ತಟ್ಟುತ್ತ ಹೋಗಿ. ಎಲ್ಲ ಕಡೆ ಒಂದೇ ಚುರುಕು ಸದ್ದು ಬರಬೇಕು. ಎಲ್ಲಾದರೂ ಮಂಕಾದರೆ ಒಳಗೆ ಪದರ ಬಿಟ್ಟಿರಬಹುದು. ಸ್ಪೋಕುಗಳನ್ನೂ ತಂಬೂರಿ ತಂತಿ ಮೀಟಿದ ಹಾಗೆ ಮೀಟಿ ನೋಡಿ. ಒಂದೇ ಬದಿಯವು ಹೆಚ್ಚುಕಮ್ಮಿ ಒಂದೇ ಸ್ವರ ಹೇಳಬೇಕು. ಬಿದ್ದಮೇಲೆ ನಾನು ಮುಂದಿನ ಚಕ್ರಕ್ಕೆ ಎರಡನ್ನೂ ಮಾಡಿದೆ. ಸ್ಪೋಕು ಒಂದೊಂದೂ ಒಂದೊಂದು ರಾಗ. ವಾಲ್ವಿನ ಎದುರು ಭಾಗದಲ್ಲಿ ನಾಣ್ಯ ಢಬ್ ಅಂದಿತು. ಹೊರಗಿಂದ ನೋಡಿದರೆ ಏನೂ ಆಗದ ಹಾಗಿತ್ತು.

ಹಿಂದಿನ ಚಕ್ರವನ್ನು ಕುತೂಹಲಕ್ಕೆ ಗರಗಸದಿಂದ ಕೊಯ್ದೆ. ಮಾಸ್ಕ್ ಹಾಕಿಕೊಂಡು, ನೀರು ಬಿಟ್ಟುಕೊಂಡು. ಕಾರ್ಬನ್ ಪುಡಿ ಶ್ವಾಸಕ್ಕೆ ಹೋಗಬಾರದು. ಒಳಗೆ ಪದರಗಳು ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕುಗಟ್ಟಿದ್ದವು. ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಬದಿ ತೆಳು. ಮೂಲೆಯಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ರೆಸಿನ್ ಮುದ್ದೆ, ಅದರೊಳಗೆ ಗಾಳಿಗುಳ್ಳೆ. 220 ಗ್ರಾಂ ಎಲ್ಲಿಂದ ಬಂತು ಅನ್ನುವುದಕ್ಕೆ ಸ್ವಲ್ಪ ಉತ್ತರ ಸಿಕ್ಕಿತು.

ಈಗ ಮತ್ತೆ ಅಲಾಯ್ ವೀಲ್ ಹಾಕಿದ್ದೇನೆ. 28 ಮಿಮೀ ಟೈರು ಹಿಡಿಯುವ ಫ್ರೇಮು ಇದ್ದದ್ದು ಅದೃಷ್ಟ. ಒಳ್ಳೆಯ ಟೈರಿಗೆ ದುಡ್ಡು ಹಾಕಿದೆ, ಗಾಳಿ ಕಮ್ಮಿ ಮಾಡಿದೆ. ಕಾರ್ಬನ್‌ಗಿಂತ ಇದರಲ್ಲೇ ಸವಾರಿ ಹಾಯಾಗಿದೆ. ಮಳೆಯಲ್ಲಿ ಬ್ರೇಕೂ ಬೇಗ ಹಿಡಿಯುತ್ತದೆ.

ಕಳೆದ ವಾರ ಆ ಮಾರಾಟಗಾರ ತಾನಾಗಿಯೇ ಫೋನ್ ಮಾಡಿದ್ದ. ದನಿಯಲ್ಲಿ ಜೇನು. "ಸರ್, ಮುಂದಿನ ಚಕ್ರ ಚೆನ್ನಾಗಿಯೇ ಇದೆಯಲ್ವಾ? 8 ಸಾವಿರ ಕೊಡ್ತೀನಿ, ಗಿರಾಕಿ ಇದ್ದಾನೆ" ಅಂದ. ಢಬ್ ಅನ್ನುತ್ತದೆ ಅಂತ ಹೇಳಿದೆ. "ಅದೆಲ್ಲ ಯಾರು ತಟ್ಟಿ ನೋಡ್ತಾರೆ ಸರ್" ಅಂದ. ಅವತ್ತು ಸಂಜೆ ಬಾಲ್ಕನಿಯಲ್ಲಿ ಕೂತು ಅದನ್ನೂ ಎರಡು ತುಂಡು ಮಾಡಿದೆ.