ಮಗನ ಎಡಿಎಚ್‌ಡಿ ಔಷಧ: ವಿಮೆಯೋ, ಕೂಪನ್ನೋ, ಅಂಚೆಯ ಫಾರ್ಮಸಿಯೋ?

ಅಮೆರಿಕದಲ್ಲಿ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಔಷಧಗಳು, ಅಂದರೆ ಮೀಥೈಲ್‌ಫೆನಿಡೇಟ್ ಮತ್ತು ಆಂಫೆಟಮಿನ್ ವರ್ಗದವು, ಕೇಂದ್ರ ಕಾನೂನು ಬಿಗಿಯಾಗಿ ನಿಯಂತ್ರಿಸುವ ಔಷಧಗಳ ಎರಡನೆಯ ಶೆಡ್ಯೂಲಿಗೆ (ಪಟ್ಟಿಗೆ) ಸೇರಿವೆ. ವೈದ್ಯರ ಒಂದೇ ಚೀಟಿಯ ಮೇಲೆ ಮತ್ತೆ ಮತ್ತೆ ಔಷಧ ಕೊಡುವಂತಿಲ್ಲ. ಪ್ರತಿ ಸಲಕ್ಕೂ ಹೊಸ ಚೀಟಿ ಬೇಕು. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಸಾಮಾನ್ಯವಾಗಿ ವೈದ್ಯರ ಕಂಪ್ಯೂಟರಿನಿಂದ ನೇರವಾಗಿ ಅಂಗಡಿಗೆ ಹೋಗುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಹಾಗೆ ಹೋದ ಚೀಟಿಯನ್ನು ಇನ್ನೊಂದು ಅಂಗಡಿಗೆ ವರ್ಗಾಯಿಸಲು 2023ರ ಆಗಸ್ಟ್‌ನಿಂದ ಒಂದು ಸಲದ ಮಟ್ಟಿಗೆ ಅವಕಾಶವಿದೆ. ನಾನು ಕೇಳಿಕೊಂಡ ಅಂಗಡಿಯವರು ಮಾತ್ರ ಒಪ್ಪಲಿಲ್ಲ. ವೈದ್ಯರ ಕಚೇರಿಗೆ ಫೋನ್ ಮಾಡಿ ಹೊಸ ಚೀಟಿಯನ್ನೇ ಬರೆಸಬೇಕಾಯಿತು. ಆದ್ದರಿಂದ ಬೆಲೆ ವಿಚಾರಿಸುವ ಕೆಲಸ ಚೀಟಿ ಹೊರಡುವ ಮೊದಲೇ ಮುಗಿದಿರಬೇಕು. ಕೆಳಗೆ ಹೇಳುವ ಪ್ರತಿಯೊಂದು ದಾರಿಗೂ ಈ ಮಾತು ಅನ್ವಯಿಸುತ್ತದೆ.

ಮಗ ತೆಗೆದುಕೊಳ್ಳುವುದು ದಿನಕ್ಕೊಂದು ದೀರ್ಘ ಪರಿಣಾಮದ ಮೀಥೈಲ್‌ಫೆನಿಡೇಟ್ ಮಾತ್ರೆ. ನಮ್ಮ ವಿಮೆ ಹೆಚ್ಚಿನ ಡಿಡಕ್ಟಿಬಲ್ (ವಿಮೆ ಹಣ ಕೊಡತೊಡಗುವ ಮೊದಲು ವರ್ಷಕ್ಕೆ ನಾವೇ ಭರಿಸಬೇಕಾದ ಮೊತ್ತ) ಇರುವಂಥದ್ದು. ಇಂಥ ಯೋಜನೆಗಳಲ್ಲಿ 2025ರಲ್ಲಿ ಕುಟುಂಬಕ್ಕೆ ಕನಿಷ್ಠ ಡಿಡಕ್ಟಿಬಲ್ಲೇ 3,300 ಡಾಲರ್ ಇತ್ತು. ಅಷ್ಟು ಖರ್ಚಾಗುವವರೆಗೆ ಔಷಧದ ಹಣ ನಮ್ಮದೇ. ವರ್ಷದ ಆರಂಭದಲ್ಲಿ ವಿಮೆಯ ಕಾರ್ಡು ತೋರಿಸಿದರೆ ತಿಂಗಳ ಮಾತ್ರೆಗೆ 90 ಡಾಲರಿನ ಆಸುಪಾಸು ಆಗುತ್ತಿತ್ತು. ಅದೇ ಮಾತ್ರೆ, ಅದೇ ಅಂಗಡಿ, ಕಾರ್ಡಿನ ಬದಲು, ಔಷಧಗಳಿಗೆ ರಿಯಾಯಿತಿ ಕೊಡಿಸುವ ಕಂಪನಿಯಾದ ಗುಡ್‌ಆರ್‌ಎಕ್ಸ್ ಕೂಪನ್ ತೋರಿಸಿದಾಗ ಸುಮಾರು ಅರ್ಧ. ವಿಮೆಯಿದ್ದೂ ವಿಮೆಯಿಲ್ಲದವರಂತೆ ಕೊಂಡರೆ ಅಗ್ಗವೆಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹಾಗೆಂದು ಕೂಪನ್ನೇ ಸದಾ ಮೇಲಲ್ಲ. ಕೂಪನ್ನಿನಲ್ಲಿ ಕೊಟ್ಟ ಹಣ ತಾನಾಗಿ ಡಿಡಕ್ಟಿಬಲ್ ಲೆಕ್ಕಕ್ಕೆ ಸೇರುವುದಿಲ್ಲ. ಮಗನಿಗೆ ವಾರವಾರವೂ ಥೆರಪಿ ನಡೆಯುತ್ತಿದ್ದ ವರ್ಷ ನಮ್ಮ ಡಿಡಕ್ಟಿಬಲ್ ಬೇಸಿಗೆಯೊಳಗೇ ಮುಗಿಯುವುದು ಖಚಿತವಿತ್ತು. ಆ ವರ್ಷ ವಿಮೆಯ ದುಬಾರಿ ಬೆಲೆಯನ್ನೇ ಕೊಟ್ಟೆವು, ಏಕೆಂದರೆ ಆ ಒಂದೊಂದು ಡಾಲರೂ ಡಿಡಕ್ಟಿಬಲ್ ಮುಗಿಯುವ ದಿನವನ್ನು ಹತ್ತಿರ ತರುತ್ತಿತ್ತು. ಥೆರಪಿ ನಿಂತ ವರ್ಷ ಡಿಡಕ್ಟಿಬಲ್ ಮುಟ್ಟುವ ಸಂಭವವೇ ಇರಲಿಲ್ಲ, ಆಗ ಕೂಪನ್ ಗೆದ್ದಿತು. ಜನವರಿಯಲ್ಲಿ ಕುಳಿತು ಆ ವರ್ಷದ ಒಟ್ಟು ವೈದ್ಯಕೀಯ ಖರ್ಚನ್ನು ಅಂದಾಜು ಮಾಡದೆ ಇವೆರಡರಲ್ಲಿ ಒಂದನ್ನು ಆರಿಸಲು ಬರುವುದಿಲ್ಲ.

ಕೂಪನ್ನಿಗೆ ಇನ್ನೊಂದು ಬೆಲೆಯೂ ಇದೆ. ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮುಂತಾದ ಕಂಪನಿಗಳೊಂದಿಗೆ ಹಂಚಿಕೊಂಡ ಆರೋಪದ ಮೇಲೆ ಗುಡ್‌ಆರ್‌ಎಕ್ಸ್ 2023ರಲ್ಲಿ ಗ್ರಾಹಕರ ಹಿತ ಕಾಯುವ ಸರಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು. ಮಗುವಿನ ಔಷಧದ ವಿಷಯವಾದ್ದರಿಂದ ನನಗೆ ಇದು ಸಣ್ಣ ಮಾತಲ್ಲ. ಖಾತೆ ತೆರೆಯದೆಯೇ ಕೂಪನ್ ಮುದ್ರಿಸಿಕೊಳ್ಳುತ್ತೇನೆ. ಇನ್ನು ಕೆಲವು ಅಂಗಡಿಗಳು ನಿಯಂತ್ರಿತ ಔಷಧಕ್ಕೆ ಕೂಪನ್ನನ್ನೇ ಸ್ವೀಕರಿಸುವುದಿಲ್ಲ. ಅದನ್ನೂ ಮೊದಲೇ ಕೇಳಬೇಕು.

ಸದಸ್ಯತ್ವ ಇದ್ದವರಿಗೆ ಮಾರುವ ದೊಡ್ಡ ಅಂಗಡಿ ಕಾಸ್ಟ್‌ಕೊದ ಫಾರ್ಮಸಿಯಲ್ಲಿ ಮಾತ್ರ ಚೀಟಿಯ ಔಷಧ ಕೊಳ್ಳಲು ಸದಸ್ಯತ್ವ ಬೇಕಿಲ್ಲ. ಇದು ಗೊತ್ತಿಲ್ಲದ ಸ್ನೇಹಿತರು ನನಗೆ ಇನ್ನೂ ಸಿಗುತ್ತಿರುತ್ತಾರೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಕೂಪನ್ ಇಲ್ಲದೆಯೇ ಅಲ್ಲಿನ ಬೆಲೆ ನಮಗೆ ಕೂಪನ್ ಬೆಲೆಯ ಹತ್ತಿರ ಬಂತು. ಕೊರತೆಯೆಂದರೆ ದಾಸ್ತಾನು. 2022ರ ಅಕ್ಟೋಬರ್‌ನಲ್ಲಿ ಆಂಫೆಟಮಿನ್ ವರ್ಗದ ಆಡೆರಾಲ್ ಅಭಾವವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಘೋಷಿಸಿದ ಮೇಲೆ ಇತರ ಉತ್ತೇಜಕ ಔಷಧಗಳಿಗೂ ಎಳೆದಾಟ ಶುರುವಾಯಿತು. ಅಗ್ಗದ ಅಂಗಡಿಯಲ್ಲಿ ಮಾತ್ರೆಯೇ ಇಲ್ಲವೆಂದರೆ ಅಗ್ಗದ ಬೆಲೆಯಿಂದ ಏನು ಬಂತು?

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಹೋಲಿಕೆ. ಬ್ರ್ಯಾಂಡಿಗಿಂತ ಜೆನೆರಿಕ್ ಅಗ್ಗ ಎಂಬುದು ಎಲ್ಲರಿಗೂ ಗೊತ್ತು. ವೈವಾನ್ಸ್ ಎಂಬ ಇನ್ನೊಂದು ಉತ್ತೇಜಕ ಔಷಧ ತೆಗೆದುಕೊಳ್ಳುವವರಿಗೆ 2023ರ ಆಗಸ್ಟ್‌ನಲ್ಲಿ ಜೆನೆರಿಕ್‌ಗಳಿಗೆ ಒಪ್ಪಿಗೆ ಸಿಕ್ಕಿದ್ದು ದೊಡ್ಡ ಸಮಾಧಾನ. ಬ್ರ್ಯಾಂಡಿನ ತಿಂಗಳ ಬೆಲೆ 300 ಡಾಲರ್ ಮೀರಿತ್ತು. ಆದರೆ ಮಗನ ದೀರ್ಘ ಪರಿಣಾಮದ ಮೀಥೈಲ್‌ಫೆನಿಡೇಟಿನ ಬ್ರ್ಯಾಂಡಾದ ಕಾನ್ಸರ್ಟಾ ವಿಷಯದಲ್ಲಿ ಜೆನೆರಿಕ್ ಜೆನೆರಿಕ್‌ಗಳ ನಡುವೆಯೇ ವ್ಯತ್ಯಾಸವಿದೆ. ಅಸಲಿ ಮಾತ್ರೆಯ ತುದಿಯಲ್ಲಿ ಲೇಸರಿನಿಂದ ಕೊರೆದ ಸಣ್ಣ ರಂಧ್ರವಿರುತ್ತದೆ. ಹೊಟ್ಟೆಯೊಳಗಿನ ನೀರನ್ನು ಹೀರಿಕೊಂಡು ಉಬ್ಬುವ ಒಳಪದರವು ಔಷಧವನ್ನು ಆ ರಂಧ್ರದಿಂದ ನಿಧಾನವಾಗಿ ಹೊರದೂಡುತ್ತದೆ. ಎಲ್ಲ ಜೆನೆರಿಕ್‌ಗಳೂ ಹೀಗೆ ಕೆಲಸ ಮಾಡುವುದಿಲ್ಲ. 2014ರ ನವೆಂಬರ್‌ನಲ್ಲಿ ಎಫ್‌ಡಿಎ ಎರಡು ಕಂಪನಿಗಳ ಜೆನೆರಿಕ್‌ಗಳಿಗೆ 'ಬ್ರ್ಯಾಂಡಿಗೆ ಸಮಾನ' ಎಂದು ಕೊಟ್ಟಿದ್ದ ದರ್ಜೆಯನ್ನು ಇಳಿಸಿತು. ಕೆಲವರಲ್ಲಿ ಅವು 7ರಿಂದ 12 ಗಂಟೆಯ ಅವಧಿಯಲ್ಲಿ ನಿಧಾನವಾಗಿ ಬಿಡುಗಡೆಯಾಗಬಹುದೆಂಬುದು ಅದಕ್ಕೆ ಕೊಟ್ಟ ಕಾರಣ.

ನಮ್ಮ ಮನೆಯಲ್ಲಿ ಒಂದು ತಿಂಗಳು ಒಂದು ಜೆನೆರಿಕ್‌ನ ಅತಿ ಅಗ್ಗದ ದುಂಡು ಮಾತ್ರೆ ಬಂತು. ಬೆಳಗಿನ ತರಗತಿಗಳು ಸರಿಯಾಗಿಯೇ ನಡೆದವು. ಸಂಜೆ ಹೋಮ್‌ವರ್ಕಿನ ಹೊತ್ತಿಗೆ ಮಗ ಪುಸ್ತಕದ ಮುಂದೆ ಕೂರಲಾರದೆ ಅಳುತ್ತಿದ್ದ. ಮುಂದಿನ ತಿಂಗಳು, ಬ್ರ್ಯಾಂಡಿನವರದೇ ಮಾತ್ರೆಯನ್ನು ಜೆನೆರಿಕ್ ಹೆಸರಿನಲ್ಲಿ ಮಾರುತ್ತಿದ್ದ ಪೇಟ್ರಿಯಟ್ ಕಂಪನಿಯದನ್ನು ಕೇಳಿ ತರಿಸಿಕೊಂಡೆ. ಬೆಲೆ ತುಸು ಹೆಚ್ಚು, ಬ್ರ್ಯಾಂಡಿಗಿಂತ ಎಷ್ಟೋ ಕಡಿಮೆ. ಸಂಜೆಗಳು ಮೊದಲಿನಂತಾದವು. ಬೇರೆ ಮಗುವಿಗೆ ದುಂಡು ಮಾತ್ರೆಯೇ ಹೊಂದಬಹುದು. ಉಳಿತಾಯದ ಲೆಕ್ಕ ಹಾಕುವಾಗ ಮಗುವಿನ ಸಂಜೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದಷ್ಟೇ ಕೇಳುತ್ತೇನೆ.

ಅಂಚೆಯಲ್ಲಿ ಕಳುಹಿಸುವ ಉದ್ಯಮಿ ಮಾರ್ಕ್ ಕ್ಯೂಬನ್ ಅವರ ಕಾಸ್ಟ್ ಪ್ಲಸ್ ಡ್ರಗ್ಸ್ ಲೆಕ್ಕವೇ ಬೇರೆ: ಕೊಂಡ ಬೆಲೆಯ ಮೇಲೆ ಶೇಕಡಾ 15, ಜೊತೆಗೆ ಫಾರ್ಮಸಿಯ ಕೆಲಸಕ್ಕೆ 5 ಡಾಲರ್, ಸಾಗಣೆ ವೆಚ್ಚ. ಎಲ್ಲವೂ ಬಿಚ್ಚಿಟ್ಟ ಲೆಕ್ಕ. ಆದರೆ ನಿಯಂತ್ರಿತ ಔಷಧಗಳನ್ನು ಅವರು ಮಾರುವುದಿಲ್ಲ, ಆದ್ದರಿಂದ ಮಗನ ಮಾತ್ರೆ ಅಲ್ಲಿಲ್ಲ. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ತೆಗೆದುಕೊಳ್ಳುವ ನನ್ನ ಗಂಡನಿಗೆ ಮಾತ್ರ ಎಲ್ಲ ದಾರಿಗಳಲ್ಲೂ ಇದೇ ಅಗ್ಗವಾಯಿತು. ಅಗ್ಗವೆಂಬ ಒಂದೇ ಕಾರಣಕ್ಕೆ ಮಗುವನ್ನು ಅದಕ್ಕೆ ಬದಲಾಯಿಸಬೇಡಿ. ಅದು ಪೂರ್ತಿ ಕೆಲಸ ಮಾಡಲು ವಾರಗಳೇ ಬೇಕು, ಮಕ್ಕಳ ಮನಃಸ್ಥಿತಿಯ ಬಗ್ಗೆ ಅದರ ಮೇಲೆ ಗಂಭೀರ ಎಚ್ಚರಿಕೆಯೂ ಇದೆ.

ಬೆಂಗಳೂರಿನಲ್ಲಿರುವ ಅಕ್ಕ, "ಅಷ್ಟೊಂದು ದುಡ್ಡು ಯಾಕೆ ಸುರಿಯುತ್ತೀಯ? ನಾನೇ ಇಲ್ಲಿಂದ ಕಳುಹಿಸುತ್ತೇನೆ" ಎಂದಳು. ಅವಳ ಕಳಕಳಿ ನಿಜ, ದಾರಿ ಮಾತ್ರ ಇಲ್ಲ. ಮೀಥೈಲ್‌ಫೆನಿಡೇಟ್ ಭಾರತದಲ್ಲೂ ಬಿಗಿ ನಿಯಂತ್ರಣವಿರುವ 'ಎಕ್ಸ್' ಶೆಡ್ಯೂಲಿನ ಔಷಧ. ವೈದ್ಯರು ಎರಡು ಪ್ರತಿ ಬರೆಯಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಕಾಪಾಡಬೇಕು. ಅದನ್ನು ಇಲ್ಲಿಗೆ ಅಂಚೆಯಲ್ಲಿ ತರಿಸುವುದು ಅಪರಾಧ. ಊರಿನ ಗುಂಪುಗಳಲ್ಲಿ ಈ ಸಲಹೆ ಬಂದಾಗಲೆಲ್ಲ ದಯವಿಟ್ಟು ತಡೆಯಿರಿ.

ಕೊನೆಯದಾಗಿ ಎಚ್‌ಎಸ್‌ಎ, ಅಂದರೆ ನಮ್ಮಂಥ ಹೆಚ್ಚಿನ ಡಿಡಕ್ಟಿಬಲ್ ವಿಮೆಯವರು ವೈದ್ಯಕೀಯ ಖರ್ಚಿಗೆಂದು ತೆರೆಯುವ ಉಳಿತಾಯ ಖಾತೆ. ಮೇಲಿನ ಯಾವ ದಾರಿಯಲ್ಲಿ ಕೊಂಡರೂ, ಕೂಪನ್ನಿನಲ್ಲಿ ಕೊಂಡರೂ ಸಹ, ಹಣವನ್ನು ಅದರಿಂದ ಕೊಡಬಹುದು. ಅದಕ್ಕೆ ಹಾಕಿದ ಸಂಬಳದ ಮೇಲೆ ಕೇಂದ್ರದ ಆದಾಯ ತೆರಿಗೆ ಬೀಳುವುದಿಲ್ಲ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿಯವರಿಗೆ ರಾಜ್ಯದ ತೆರಿಗೆ ಮಾತ್ರ ತಪ್ಪುವುದಿಲ್ಲ.