ಬಿಗ್ ಬ್ಯಾಂಡ್ ಜೊತೆಗಿನ ಎರಡು ಸೋಲ್ ಆಲ್ಬಂಗಳು: ರೇ ಚಾರ್ಲ್ಸ್ ಮತ್ತು ಜೇಮ್ಸ್ ಬ್ರೌನ್

ಬಿಗ್ ಬ್ಯಾಂಡ್ ಎನ್ನುವ ದೊಡ್ಡ ಜಾಝ್ ತಂಡವೊಂದನ್ನು ಹಿಂದಿಟ್ಟುಕೊಂಡು, ಕಪ್ಪು ಅಮೆರಿಕನ್ನರ ಭಾವತೀವ್ರ ‘ಸೋಲ್’ ಶೈಲಿಯ ಗಾಯಕರು ಹಾಡಿದಾಗ ನಾನು ಮುಖ್ಯವಾಗಿ ಗಮನಿಸುವುದು, ತಂಡವು ಗಾಯಕರಿಗೆ ಜಾಗ ಬಿಟ್ಟುಕೊಡುತ್ತದೆಯೇ ಅಥವಾ ಅವರೊಡನೆ ಪೈಪೋಟಿಗೆ ಇಳಿಯುತ್ತದೆಯೇ ಎಂಬುದನ್ನು. ಈ ದೃಷ್ಟಿಯಿಂದಲೇ ರೇ ಚಾರ್ಲ್ಸ್ ಅವರ ‘ದಿ ಜೀನಿಯಸ್ ಆಫ್ ರೇ ಚಾರ್ಲ್ಸ್’ (1959) ಮತ್ತು ಜೇಮ್ಸ್ ಬ್ರೌನ್ ಅವರ ‘ಸೋಲ್ ಆನ್ ಟಾಪ್’ (1970) ಆಲ್ಬಂಗಳನ್ನು ಒಂದೇ ಹೆಡ್‌ಫೋನಿನಲ್ಲಿ, ಒಂದರ ಬೆನ್ನಿಗೇ ಇನ್ನೊಂದನ್ನು ಹಾಕಿ ಕೇಳಿದೆ.

ರೇ ಚಾರ್ಲ್ಸ್ ಅವರ ಆಲ್ಬಂನ ಮೊದಲ ಆರು ಹಾಡುಗಳಲ್ಲಿ ಜಾಝ್ ನಾಯಕರಾದ ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಅವರ ತಂಡಗಳ ವಾದಕರಿದ್ದಾರೆ. ಕ್ವಿನ್ಸಿ ಜೋನ್ಸ್ ವಾದ್ಯ ಸಂಯೋಜನೆ ಮಾಡಿದ ‘ಲೆಟ್ ದ ಗುಡ್ ಟೈಮ್ಸ್ ರೋಲ್’ನಲ್ಲಿ ತುತ್ತೂರಿಗಳ ಅಬ್ಬರಕ್ಕೆ ಕೊರತೆಯಿಲ್ಲ, ಆದರೂ ಚಾರ್ಲ್ಸ್ ಸಾಲನ್ನು ಎಳೆದು, ತಡೆದು, ತಾಳಕ್ಕಿಂತ ತುಸು ಹಿಂದೆ ಬಿಡುವಾಗ ತಂಡವು ಅವರ ಉಸಿರಿಗಾಗಿ ಕಾಯುವಂತೆ ಭಾಸವಾಗುತ್ತದೆ. ಡೇವಿಡ್ ನ್ಯೂಮನ್ ಅವರ ಟೆನರ್ ಸ್ಯಾಕ್ಸೊಫೋನ್ ಕೂಡ ಹಾಡುಗಾರಿಕೆಯ ಮುಂದುವರಿಕೆಯಂತೆಯೇ ಕೇಳಿಸುತ್ತದೆ.

ಬ್ರೌನ್ ಅವರ ದಾರಿ ಬೇರೆ. 1969ರ ನವೆಂಬರಿನಲ್ಲಿ ಹಾಲಿವುಡ್‌ನಲ್ಲಿ ಧ್ವನಿಮುದ್ರಣಗೊಂಡ ಈ ಆಲ್ಬಂಗೆ ಆಲಿವರ್ ನೆಲ್ಸನ್ ವಾದ್ಯ ಸಂಯೋಜನೆ ಮಾಡಿದ್ದಾರೆ. ಹಿಂದೆ ಎಲಿಂಗ್ಟನ್ ತಂಡದಲ್ಲಿದ್ದ ಡ್ರಮ್ ವಾದಕ ಲೂಯಿ ಬೆಲ್ಸನ್ ಅವರ ಆರ್ಕೆಸ್ಟ್ರಾ ನುಡಿಸಿದೆ. ಬ್ರೌನ್ ತಮ್ಮ ಬಳಗದಿಂದ ಕರೆತಂದ ಸ್ಯಾಕ್ಸೊಫೋನ್ ವಾದಕ ಮೇಸಿಯೊ ಪಾರ್ಕರ್ ಅವರ ಫಂಕ್ (ತಾಳಕ್ಕೆ ಒತ್ತು ಕೊಡುವ ನೃತ್ಯಸಂಗೀತ) ಜಾಡು ಈ ಜಾಝ್ ಗುಂಪಿನ ನಡುವೆಯೂ ಅಳಿಸಿಹೋಗಿಲ್ಲ. 1966ರಲ್ಲಿ ಮೂರು ನಿಮಿಷದೊಳಗೆ ಮುಗಿದಿದ್ದ ‘ಇಟ್ಸ್ ಎ ಮ್ಯಾನ್ಸ್ ಮ್ಯಾನ್ಸ್ ಮ್ಯಾನ್ಸ್ ವರ್ಲ್ಡ್’ ಇಲ್ಲಿ ಆರು ನಿಮಿಷಗಳನ್ನು ಮೀರುತ್ತದೆ. ಬ್ರೌನ್ ಪಿಸುಮಾತಿನಿಂದ ಚೀತ್ಕಾರಕ್ಕೆ ಜಿಗಿದರೆ ಹಿತ್ತಾಳೆ ವಾದ್ಯಗಳೂ ಹಿಂಜರಿಯದೆ ಮೇಲೇರುತ್ತವೆ. ಇಬ್ಬರು ಪೈಲ್ವಾನರ ಪಟ್ಟುಗಳನ್ನು ನೋಡುವ ಸುಖ ಇದರಲ್ಲಿದೆ. ಬ್ರೌನ್ ಅವರ ಗಂಟಲಿಗೆ ಹಳೆಯ ಜನಪ್ರಿಯ ಗೀತೆಗಳ ನಯ ಒಗ್ಗದು ಎಂಬ ಆಕ್ಷೇಪ ‘ಸೆಪ್ಟೆಂಬರ್ ಸಾಂಗ್’ನ ಮಟ್ಟಿಗೆ ನಿಜವಿರಬಹುದು, ಆದರೆ ಕಂಟ್ರಿ ಸಂಗೀತದ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ‘ಯುವರ್ ಚೀಟಿನ್ ಹಾರ್ಟ್’ ಕೇಳಿದ ಮೇಲೆ ಆ ಮಾತನ್ನು ನಾನು ಒಪ್ಪಲಾರೆ.

ಗಾಯನವೊಂದನ್ನೇ ತೂಗಿದರೆ ಚಾರ್ಲ್ಸ್ ಮುಂದಿದ್ದಾರೆ. ಅಷ್ಟು ಸಂಯಮ ಬ್ರೌನ್ ಅವರಲ್ಲಿಲ್ಲ. ಆದರೆ ಬಿಗ್ ಬ್ಯಾಂಡಿನ ಪೂರ್ಣ ಬಲ ಬೇಕೆನ್ನುವವರಿಗೆ ನಾನು ಬ್ರೌನ್ ಅವರ ಆಲ್ಬಂ ಅನ್ನೇ ಸೂಚಿಸುತ್ತೇನೆ, ಏಕೆಂದರೆ ಚಾರ್ಲ್ಸ್ ಅವರ ಆಲ್ಬಂನ ಎರಡನೆಯ ಬದಿ ರಾಲ್ಫ್ ಬರ್ನ್ಸ್ ತಂತಿವಾದ್ಯಗಳಿಗೆ ಸಂಯೋಜಿಸಿದ ನಿಧಾನ ಗೀತೆಗಳಿಗೆ ಮೀಸಲಾಗಿದೆ. ಚಾರ್ಲ್ಸ್ 1961ರಲ್ಲಿ ಕ್ವಿನ್ಸಿ ಜೋನ್ಸ್ ಮತ್ತು ಬರ್ನ್ಸ್ ಜೊತೆಗೆ ಮತ್ತೆ ಬಿಗ್ ಬ್ಯಾಂಡಿಗೆ ಮರಳಿದರಾದರೂ, ಆ ಆಲ್ಬಂನಲ್ಲಿ ಅವರು ಹೆಚ್ಚಾಗಿ ಹ್ಯಾಮಂಡ್ ಆರ್ಗನ್ ನುಡಿಸಿ ಎರಡೇ ಹಾಡುಗಳನ್ನು ಹಾಡಿರುವುದರಿಂದ ಅದನ್ನು ಈ ಹೋಲಿಕೆಗೆ ಸೇರಿಸಲಿಲ್ಲ.